ಮಂತ್ರಿಗಳು ನೋಡಿದ ಸಿನಿಮಾ

ಹೊಸ ಸಿನಿಮಾದಲ್ಲಿ ಗುಂಡೇಟಿಗೆ ಸಾಯುವ ಮಂತ್ರಿ ಥೇಟ್ ತಮ್ಮ ಹಾಗೇ ಇದ್ದಾನೆಂದು ಊರೆಲ್ಲ ಆಡಿಕೊಳ್ಳುತ್ತಿರುವುದು ಮಂತ್ರಿ ವೀರಭದ್ರಯ್ಯನವರ ಕಿವಿಗೆ ಬಿತ್ತು. ಜನ ಏನನ್ನುತ್ತಾರೋ ತಾವೇ ಕೇಳೋಣವೆಂದು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮ್ಯಾಟಿನಿ ಶೋಗೆ ಬಂದು, ಗನ್‌ಮ್ಯಾನ್‌ನನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ತಾವು ಮುಂದೆ ಕೂತರು.

ಇಂಟರ್‌ವಲ್‌ನಲ್ಲಿ ಪಕ್ಕದ ಸೀಟಿನ ಹೆಂಗಸನ್ನು ಕೇಳಿದರು, “ಹೆಂಗಿದೆಯಮ್ಮಾ ಪಿಕ್ಚರ್ರು?”

“ಮೂರನೇ ಸಲ ನೋಡ್ತಿರೋದು ಕಣಣ್ಣ. ಇನ್ನು ಸ್ವಲ್ಪ ಹೊತ್ತಿಗೆ ಆ ಮಂತ್ರಿಗೆ ಗುಂಡು ಹೊಡೀತಾರೆ. ಅದನ್ನ ನೋಡೋಕೇ ಬರೋದು.”

“ಸಾಯೋವಂಥ ತಪ್ಪು ಅವನೇನು ಮಾಡಿದ?”

“ಕೆರೆ ಜಾಗ ಅಂತ ಬಡವರ ಮನೆ ಕೆಡವಿಸಿದ್ನಲ್ಲ! ನಮ್ಮದೂ ಹಂಗೇ ಹೋಯ್ತು. ಬುಲ್ಡೋಜರ್ ಬಂದಾಗ ನಮ್ಮತ್ತೆ ಒಳಗೇ ಮಲಗಿದ್ರು.”

ವೀರಭದ್ರಯ್ಯನವರು ಮಾಸ್ಕನ್ನು ಕಣ್ಣಿನವರೆಗೂ ಎಳೆದುಕೊಂಡರು.

ತೆರೆಯ ಮೇಲೆ ಗುಂಡು ಹಾರಿತು. ಮಂತ್ರಿ ಉರುಳಿದ. ಥಿಯೇಟರಿಗೆ ಥಿಯೇಟರೇ ಎದ್ದು ನಿಂತು ಶಿಳ್ಳೆ ಹಾಕಿತು. ವೀರಭದ್ರಯ್ಯನವರು, ಬೇಗ ಹೊರಗೆ ಕರೆದುಕೊಂಡು ಹೋಗು ಎನ್ನಲು ಹಿಂದಿನ ಸಾಲಿಗೆ ತಿರುಗಿದರು.

ಹನ್ನೊಂದು ವರ್ಷದಿಂದ ಅವರ ಜೀವ ಕಾಯುತ್ತಿದ್ದ ಗನ್‌ಮ್ಯಾನ್ ನಿಂಗರಾಜು, ತೆರೆಯನ್ನು ಬಿಟ್ಟು ಅವರನ್ನೇ ನೋಡುತ್ತಾ ಚಪ್ಪಾಳೆ ತಟ್ಟುತ್ತಿದ್ದ.