ಹಂದಿ ಹೊಟ್ಟೆಯ ಗರಡಿ

"ದುಗ್ಗಮ್ಮನಾಣೆ, ಒಂದಕ್ಷರ ಸುಳ್ಳಿಲ್ಲ," ಎನ್ನುತ್ತ ಹಾಲೇಶಪ್ಪ ತಕ್ಕಡಿಯ ತಟ್ಟೆಗೆ ಹಂದಿ ಔಷಧಿಯ ಹಳದಿ ಪುಡಿ ಸುರಿದ. "ಹದಡಿ ಊರಾಗೆ ಒಂದು ಸೀಮೆಹಂದಿ ಐತೆ. ಅದರ ಹೊಟ್ಟ್ಯಾಗೆ ಗರಡಿ ಮನೆ ನಡೀತೈತೆ."

ಪಕ್ಕದ ಅಂಗಡಿಯ ಟೈಲರ್ ಹಯಾತ್ ಸಾಬ್ ಕತ್ತರಿ ಹಿಡಿದುಕೊಂಡೇ ಎದ್ದು ಬಂದ. ದಾವಣಗೆರೆಯ ಆನೆಕೊಂಡದಲ್ಲಿ ದನ, ಕೋಳಿ, ಹಂದಿಗಳ ಮೇವು-ಔಷಧಿ ಮಾರುವ ಹಾಲೇಶಪ್ಪನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಪೂರ್ತಿ ಕೇಳದೆ ಎದ್ದು ಹೋದವರೂ ಇರಲಿಲ್ಲ.

"ದಾವಣಗೆರೆ ಜಿಲ್ಲೆ ಆದ್ಮ್ಯಾಲೆ ಹಂದಿಗೂ ಗರಡಿ ಬಂತೇನು ಹಾಲೇಶಣ್ಣ? ಹೋದ ವಾರ ನಿಮ್ಮ ಎಮ್ಮೆ ರೈಲಿನ ಟೈಮ್ ಹೇಳಿತ್ತು," ಎಂದ ಹಯಾತ್ ಸಾಬ್.

"ಹತ್ತು ನಿಮಿಷ ತಪ್ಪು ಹೇಳ್ತು. ಅದನ್ನೇನು ನಾನು ಮುಚ್ಚಿಟ್ನಾ?"

ಪುಡಿ ಕೊಳ್ಳಲು ಬಂದಿದ್ದ ಮಾರಪ್ಪ ನಗಲಿಲ್ಲ. ಹರಿಹರದ ಹೊರಗೆ ಅವನು ಸಾಕಿದ್ದ ಹದಿನಾಲ್ಕು ಹಂದಿಗಳಿಗೆ ಮತ್ತೆ ಭೇದಿ ಹತ್ತಿತ್ತು. ಹೆಂಡತಿ ಸುಂಕಲಮ್ಮನಿಗೂ ಹತ್ತಿತ್ತು. ಹರಿಹರದ ಮೆಡಿಕಲ್ ಶಾಪಿನ ಗುಳಿಗೆಯನ್ನು ನಾಲ್ಕು ದಿನ ನುಂಗಿಸಿದರೂ ನಿಲ್ಲದೆ, ಅವತ್ತು ಬೆಳಿಗ್ಗೆ ಅವಳನ್ನು ದಾವಣಗೆರೆಗೆ ಕರೆತಂದು, ಹಿಂದಿನ ಬೀದಿಯ ನರ್ಸಿಂಗ್ ಹೋಮಿನಲ್ಲಿ ಗ್ಲೂಕೋಸ್ ಹಾಕಿಸಿ ಬಂದಿದ್ದ.

"ಎರಡರಷ್ಟು ಹಾಕ್ರಿ ಸಾವ್ಕಾರ್ರೆ. ಮೊದ್ಲು ಮೇವಿನ ಬಕೀಟಿಗೆ ಒಂದು ಚಮಚ ಸಾಕಾಗ್ತಿತ್ತು. ಈಗ ಮೂರು ಹಾಕಿದ್ರೂ ನಿಲ್ಲಂಗಿಲ್ಲ."

"ಹೆಂಗೆ ನಿಂತೀತು? ಅದನ್ನೇ ಹೇಳಾಕತ್ತೀನಿ. ಮೊದ್ಲ ದಿನ ಪುಡಿ ಬಿತ್ತು, ಹೊಟ್ಟ್ಯಾಗಿನ ರೋಗದ ಹುಳ ಎಲ್ಲಾ ಪಟಪಟ ಸತ್ವು. ಒಬ್ಬ ಮಾತ್ರ ಸಾಯ್ಲಿಲ್ಲ. ಅವನೇ ಉಸ್ತಾದ. ದಿನಾ ಪುಡಿ ಬೀಳ್ತಾ ಬೀಳ್ತಾ, ಪೈಲ್ವಾನ್ರು ಗರಡಿ ಮಣ್ಣು ಹಚ್ಕೊಂಡಂಗೆ ಮೈಗೆ ತಿಕ್ಕೊಳ್ಳಾಕೆ ಶುರು ಮಾಡ್ದ. ಮಕ್ಕಳು ಮರಿಗೆ ಕಲಿಸ್ದ. ಪಕ್ಕದ ಜಾತಿ ಹುಳಕ್ಕೂ ಪಟ್ಟು ಹೇಳಿಕೊಟ್ಟ. ಈಗ ಪುಡಿ ಬೀಳದಿದ್ರೆ, 'ಯಾಕ್ರಿ, ಇವತ್ತು ಮಂಡಕ್ಕಿ ತಡ ಆತು' ಅಂತಾವೆ."

"ಅವಕ್ಕೆ ಲಂಗೋಟಿ ಹೊಲಿಯೋ ಕೆಲ್ಸ ನನಗೇ ಕೊಡ್ಸಿ," ಎಂದು ಹಯಾತ್ ಸಾಬ್ ಬಿದ್ದು ಬಿದ್ದು ನಕ್ಕ.

ಮಾರಪ್ಪ ತಟ್ಟೆಯನ್ನೇ ನೋಡುತ್ತಿದ್ದ. "ಆ ಉಸ್ತಾದ ಹಂದಿ ಬಿಟ್ಟು ಹೊರಗೆ ಬರ್ತಾನೇನ್ರಿ?"

"ಬರದೇ ಏನು? ಗಲೀಜು ಬಾಚೋರ ಕೈ ಹಿಡ್ಕೊಂಡು ಸೀದಾ ಅಡಿಗೆ ಮನೆಗೇ ಬರ್ತಾನೆ. ಊಟಕ್ಕೆ ಕರೀಲಿ ಅಂತ ಕಾಯೋ ಪೈಕಿ ಅಲ್ಲ ಅವನು."

ಹಂದಿ ದೊಡ್ಡಿಯನ್ನು ದಿನಾ ಬಾಚುವವಳು ಸುಂಕಲಮ್ಮ.

ಮಾರಪ್ಪ ಅಂಗಿಯ ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದ. ಅದರಲ್ಲಿ ಒಂದೇ ಉಳಿದಿತ್ತು. ಮೇಲಿನ ಅಕ್ಷರ ಅವನಿಗೆ ಓದಲು ಬರುತ್ತಿರಲಿಲ್ಲ. ಆ ಕ್ಯಾಪ್ಸೂಲ್ ಗುಳಿಗೆಯ ಎರಡು ಟೊಪ್ಪಿಗೆ ಬಿಚ್ಚಿ, ಒಳಗಿದ್ದದ್ದನ್ನು ತಟ್ಟೆಯ ಅಂಚಿಗೆ ಸುರಿದ. ಅದೂ ಹಳದಿ. ಇದರದೊಂದು ಚಿಟಿಕೆ, ಅದರದೊಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡ. ಅದೇ ಕಹಿ.

"ನಾಲ್ಕು ದಿನ ಅವಳಿಗೆ ನುಂಗಿಸಿದ್ದು ಇದು," ಎಂದ. "ಹಂದಿ ಪುಡಿ ತಿಂದು ಬೆಳೆದ ಉಸ್ತಾದಂಗೆ ಇದೂ ಮಂಡಕ್ಕಿನೇ."

ಹಯಾತ್ ಸಾಬನ ನಗು ನಿಂತಿತು.

"ಏ ಮಾರಪ್ಪ, ನಾನು ಹೇಳಿದ್ದು ಕತೆ ಕಣಪ್ಪ," ಎಂದ ಹಾಲೇಶಪ್ಪ.

"ದುಗ್ಗಮ್ಮನಾಣೆ ಮಾಡಿದ್ರಲ್ರಿ."

ಮಾರಪ್ಪ ಪೇಪರ್ ತುಂಡು ಹರಿದು, ಹಂದಿಯ ಪುಡಿ ಸ್ವಲ್ಪ ಕಟ್ಟಿಕೊಂಡು, ಖಾಲಿ ಪಟ್ಟಿಯ ಜೊತೆ ಜೇಬಿಗೆ ಹಾಕಿದ. "ಎರಡನ್ನೂ ಡಾಕ್ಟ್ರಿಗೆ ತೋರಿಸ್ತೀನಿ."

"ಅಲ್ಲೋ, ಆಣೆ ಅಂದ್ರೆ ಅದು ಬಾಯಿ ರೂಢಿ, ಆ ಉಸ್ತಾದ ಅಂದ್ರೆ ಏನಪ್ಪಾ ಅಂದ್ರೆ..."

ಮಾರಪ್ಪ ಆಗಲೇ ಮೆಟ್ಟಿಲಿಳಿದು ಹಿಂದಿನ ಬೀದಿಯತ್ತ ತಿರುಗಿದ್ದ. ಅವನ ಮೊಣಕೈ ತಗುಲಿ ತಕ್ಕಡಿ ತೂಗಾಡುತ್ತಿತ್ತು. ಅದು ನಿಂತ ಮೇಲೆ ಹಾಲೇಶಪ್ಪ ಬಗ್ಗಿ ನೋಡಿದ. ತಟ್ಟೆಯಲ್ಲಿ ಒಂದೇ ಗುಡ್ಡೆ ಇತ್ತು. ಅದರಲ್ಲಿ ಸುಂಕಲಮ್ಮನದು ಯಾವುದು, ಹಂದಿಯದು ಯಾವುದು ಅವನಿಗೆ ತಿಳಿಯಲಿಲ್ಲ.