ಗಾಳಿ ಕಾಣದ ಮಾಂಸ

“ನೋಡಿ ಅಕ್ಕಾ, ಕಣ್ಣಾರೆ ನೋಡಿ!” ಎನ್ನುತ್ತ ದೊಡ್ಡಣ್ಣ ಪ್ಲಾಸ್ಟಿಕ್ ಪ್ಯಾಕೆಟ್ಟನ್ನು ಮಾಂಸ ಕಡಿಯುವ ಹಲಗೆಯ ಮೇಲೆ ದೊಪ್ಪನೆ ಹಾಕಿದ. ಅದು ತಮ್ಮನ ಹೊಸ ಅಂಗಡಿಯ ಮಾಲು, ಯಾರದೋ ಕೈಯಲ್ಲಿ ಗುಟ್ಟಾಗಿ ತರಿಸಿದ್ದು. ಒಳಗಿನ ಗಾಳಿಯನ್ನೆಲ್ಲ ಯಂತ್ರದಿಂದ ಹೀರಿ ಬಾಯಿ ಮುಚ್ಚಿದ್ದರಿಂದ ಪ್ಲಾಸ್ಟಿಕ್ಕು ಮಾಂಸಕ್ಕೆ ಚರ್ಮದಂತೆ ಅಂಟಿಕೊಂಡಿತ್ತು. ಮಾಂಸವೋ, ಪೆಟ್ಟು ಬಿದ್ದ ಮೊಣಕಾಲಿನ ಬಣ್ಣ.

ಹಾಸ್ಟೆಲ್ಲಿನ ಅಡುಗೆಯಮ್ಮ ಬಗ್ಗಿ ನೋಡಿದಳು. ಆಕೆ ದಿನಾ ಒಯ್ಯುವ ಮಾಂಸದ ಮೇಲೆಯೇ ದೊಡ್ಡಣ್ಣನ ಅಂಗಡಿ ನಿಂತಿತ್ತು. ಅಂಥವಳೇ ನಿನ್ನೆ, “ಪ್ಯಾಕೆಟ್ಟಿಂದು ವಾರಗಟ್ಟಲೆ ಕೆಡಲ್ವಂತೆ” ಎಂದು ರಾಗ ಎಳೆದಿದ್ದಳು. ಆಗಿನಿಂದ ಅವನಿಗೆ ಅದೇ ಯೋಚನೆ. ವಾರಗಟ್ಟಲೆ ಕೆಡದಿರಲು ಅದೇನು ಉಪ್ಪಿನಕಾಯಿಯೇ? ತಮ್ಮ ಏನೋ ಮದ್ದು ಬೆರೆಸಿದ್ದಾನೆ, ಅನುಮಾನವೇ ಬೇಡ. ಮಾಲಿನ ಗುಟ್ಟು ಅವನ ಮನೆಯವರ ಎದುರಿಗೇ ಬಯಲಾಗಲಿ ಎಂದು ತಮ್ಮನ ಹೆಂಡತಿಯನ್ನೂ ಬೇಕೆಂದೇ ಕರೆಸಿದ್ದ.

ಪ್ಯಾಕೆಟ್ಟಿನ ಮೇಲೆ ಚಾಕು ಎಳೆದ. ಹುಳಿಹುಳಿ ವಾಸನೆಯೊಂದು ಗುಪ್ಪೆಂದು ಎದ್ದಿತು. ಅಡುಗೆಯಮ್ಮ ಮೂಗು ಮುಚ್ಚಿಕೊಂಡಳು.

“ಬೆಳ್ಳಗಿರೋದೆಲ್ಲ ಹಾಲಲ್ಲ ಅಕ್ಕಾ! ಆ ಗಾಜಿನ ಬಾಗಿಲು, ಆ ಟೋಪಿ, ಆ ಗ್ಲೌಸು... ಒಳಗೆ ನೋಡಿದ್ರೆ ಇದು! ಮಕ್ಕಳ ಹೊಟ್ಟೆಗೆ ಹಾಕ್ತೀರಾ ಇದನ್ನ?”

“ಮುಚ್ಚಿಟ್ಟದ್ದನ್ನ ತೆಗೆದ ಕೂಡಲೇ ಹಾಗೇ ಭಾವ,” ಎಂದಳು ತಮ್ಮನ ಹೆಂಡತಿ ಮೆತ್ತಗೆ. “ಸ್ವಲ್ಪ ಗಾಳಿ ಆಡಲಿ.”

“ಗಾಳಿ ಆಡಿದ್ರೆ ಹೆಣ ಎದ್ದು ಕೂರುತ್ತೇನಮ್ಮಾ?”

ತನ್ನ ಮಾತಿಗೆ ತಾನೇ ನಕ್ಕು, ತಮ್ಮನ ಚಿಕ್ಕಂದಿನ ಕಳ್ಳಾಟಗಳನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿದ. ಅಡುಗೆಯಮ್ಮ ಕೇಳುತ್ತಿರಲಿಲ್ಲ. ಅವಳ ಕಣ್ಣು ಹಲಗೆಯ ಮೇಲಿತ್ತು. ದೊಡ್ಡಣ್ಣ ತಿರುಗಿ ನೋಡಿದಾಗ ಮಾಂಸದ ಅಂಚು ಕೆಂಪಾಗಿತ್ತು. ನೋಡುನೋಡುತ್ತ ಆ ಕೆಂಪು ಮೇಲೆಲ್ಲ ಹರಡಿತು. ವಾಸನೆಯೂ ಹೋಗಿತ್ತು.

“ಏನು ಸವರಿದೆ ಇದಕ್ಕೆ?” ಎಂದು ಗುಡುಗಿದ.

“ನಾನು ಬಾಗಿಲಲ್ಲೇ ನಿಂತಿದೀನಿ ಭಾವ. ಗಾಳಿ ತಾಗಿದ್ರೆ ಮಾಂಸ ಕೆಂಪಾಗುತ್ತೆ. ನೀವು ದಿನಾ ಕೊಯ್ಯುವಾಗ ನೋಡಿಲ್ವಾ?”

ನೋಡಿದ್ದ. ಮೀಸೆ ಚಿಗುರಿದಂದಿನಿಂದ ತನ್ನದೇ ಚಾಕುವಿನ ಕೆಳಗೆ ನೋಡುತ್ತಲೇ ಬಂದಿದ್ದ. ಹಾಳು ಹೊಟ್ಟೆಕಿಚ್ಚಿನಲ್ಲಿ ಅದು ನೆನಪಿಗೇ ಬಂದಿರಲಿಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

“ಹಾಗಾದ್ರೆ ಕೆಂಪಗಿದ್ದ ಮಾತ್ರಕ್ಕೆ ತಾಜಾ ಅಂತಲ್ಲ,” ಎಂದಳು ಅಡುಗೆಯಮ್ಮ ನಿಧಾನವಾಗಿ. “ಇಷ್ಟು ವರ್ಷ ಬಣ್ಣ ನೋಡಿಯೇ ನಿಮ್ಮ ಹತ್ರ ಒಯ್ದೆನಲ್ಲ ದೊಡ್ಡಣ್ಣಾ, ಅದೆಲ್ಲ ಯಾವತ್ತಿಂದು?”

“ಆಯಾ ದಿನದ್ದೇ ಅಕ್ಕಾ! ನನ್ನ ಮಕ್ಕಳಾಣೆ!”

ಅದು ನಿಜವೇ ಆಗಿತ್ತು. ಹಳಸಿದ ಒಂದು ತುಂಡನ್ನೂ ಅವನು ಎಂದೂ ಮಾರಿದವನಲ್ಲ.

“ಆ ಪ್ಯಾಕೆಟ್ಟಿನ ಮೇಲೆ ತಾರೀಕಾದರೂ ಇದೆ,” ಎಂದಳು ಆಕೆ. ಕೊಕ್ಕೆಗೆ ತೂಗುಹಾಕಿದ್ದ ತೊಡೆಯ ಹತ್ತಿರ ಹೋಗಿ, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಮೂಗು ತಾಗಿಸಿ ಮೂಸಿದಳು. ಆಮೇಲೆ ಇನ್ನೊಮ್ಮೆ ಮೂಸಿದಳು.