ಬಿಳಿ ಟೈಲ್ಸಿನ ಭಾನುವಾರ

ಫೋನಿನೊಳಗೆ ಯಾರೋ ಗಂಡಸು ಕೆಮ್ಮಿದ.

ಎನಾಕ್ ತಿಕ್ಕುವುದನ್ನು ನಿಲ್ಲಿಸಿದ. ಶವರಿನ ಪೈಪಿಗೆ ದಾರ ಕಟ್ಟಿ ನೇತುಹಾಕಿದ್ದ ಫೋನಿನಲ್ಲಿ ಹೆಂಡತಿ ಸೆಕಾಯಿಯ ಮುಖ ಒಂದು ಕ್ಷಣ ಬಾಗಿಲ ಕಡೆ ತಿರುಗಿ, ಮತ್ತೆ ಇವನತ್ತ ಬಂತು.

"ಯಾರದು?"

"ಯಾರೂ ಇಲ್ಲ, ಶುಂಬಾ. ಅಜ್ಜಿಯ ಟೀವಿ." ಶುಂಬಾ, ಅಂದರೆ ಸಿಂಹ, ಅವನ ಕುಲದ ಹೆಸರು. ಪ್ರೀತಿ ಉಕ್ಕಿದಾಗಲೂ, ಏನನ್ನಾದರೂ ಮುಚ್ಚಿಡಬೇಕಾದಾಗಲೂ ಅವಳು ಹಾಗೇ ಕರೆಯುತ್ತಿದ್ದಳು. "ಕೆಳಗಿನ ಸಾಲು ಬಿಟ್ರಿ ನೋಡಿ. ಸಂದಿಯಲ್ಲಿ ಪಾಚಿ ಹಂಗೇ ಇದೆ."

ಸೆಕಾಯಿ ಹರಾರೆಯಿಂದ ಇಂಗ್ಲೆಂಡಿಗೆಂದು ಹೊರಟ ದಿನ ಬೀದಿಗೆ ಬೀದಿಯೇ ಗೇಟಿನ ಮುಂದೆ ಸೇರಿ ಹಾಡಿ, ಕುಣಿದು ಕಳಿಸಿಕೊಟ್ಟಿತ್ತು. ಅಲ್ಲಿ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ. ಸೋಫಾ ಹೊಲಿಯುವ ಅಂಗಡಿಯಲ್ಲಿ ಎನಾಕನಿಗೆ ಅಂದು ರಜೆ ಸಿಗದೆ, ವಿಮಾನ ನಿಲ್ದಾಣದವರೆಗೆ ಹೋಗಲೂ ಆಗಲಿಲ್ಲ.

ಮನೆಯ ಗೋಡೆಗಳಿಗೆ ಇನ್ನೂ ಗಾರೆ ಬಿದ್ದಿರಲಿಲ್ಲ. ಸ್ನಾನದ ಕೋಣೆಗೆ ಮಾತ್ರ ಸೆಕಾಯಿ ಹಟ ಹಿಡಿದು ಬಿಳಿ ಟೈಲ್ಸ್ ಹಾಕಿಸಿದ್ದಳು. ಅವಳಿದ್ದಾಗ ಎನಾಕ್ ಅದಕ್ಕೆ ಒಂದು ದಿನವೂ ಬ್ರಷ್ ಮುಟ್ಟಿಸಿದವನಲ್ಲ. ಅವಳು ಹೋದ ಮೇಲೆ, ಮೊದಲ ಸಲ ಫೋನು ಮಾಡಿದಾಗಲೇ, "ಟೈಲ್ಸ್ ಹಳದಿ ತಿರುಗಿದೆಯಲ್ರೀ, ಇಲ್ಲಿಗೇ ಕಾಣಿಸ್ತಿದೆ" ಎಂದು ಗೊಣಗಿದಳು.

ಅಂದಿನಿಂದ ಭಾನುವಾರ ಮಧ್ಯಾಹ್ನವೆಂದರೆ ಇದೇ. ಅಡುಗೆ ಸೋಡ, ವಿನೆಗರ್, ಹಲ್ಲುಜ್ಜುವ ಹಳೇ ಬ್ರಷ್. ಅವಳು ಅಲ್ಲಿ ಯಜಮಾನರ ಮನೆಯ ಶವರ್ ತಿಕ್ಕುತ್ತಿದ್ದಳು, ಇವನು ಇಲ್ಲಿ. ಮಾತು ಕಡಿಮೆ. ಎರಡು ಬ್ರಷ್ಷುಗಳ ಸದ್ದು ಒಂದಾಗಿ ಕೇಳುತ್ತಿತ್ತು. ಸೂಜಿ ಚುಚ್ಚಿದ ಬೆರಳುಗಳಿಗೆ ವಿನೆಗರ್ ತಾಗಿ ಎನಾಕನಿಗೆ ಉರಿ ಹತ್ತುತ್ತಿತ್ತು. ಹೇಳುತ್ತಿರಲಿಲ್ಲ. ಹೇಳಿದರೆ 'ಬಿಡಿ, ತಿಕ್ಕಬೇಡಿ' ಎನ್ನುತ್ತಾಳೆ. ಆಮೇಲೆ ಫೋನು ಮಾಡಲು ಅವಳಿಗೆ ನೆಪವೇನು ಉಳಿಯುತ್ತದೆ? ವಾರದ ಉಳಿದ ದಿನ ಅವನು ಒಬ್ಬನಿಗಾಗುವಷ್ಟು ಸದ್ಜಾ, ಮೆಕ್ಕೆಜೋಳದ ಮುದ್ದೆ, ತಿರುವಿ, ಒಬ್ಬನೇ ಉಂಡು ಮಲಗುತ್ತಿದ್ದ.

ಪಕ್ಕದ ಮನೆಯ ಫರಾಯಿಯ ತಾಯಿ ಮೊದಮೊದಲು ನಗುತ್ತಿದ್ದಳು. "ಎನಾಕಣ್ಣಾ, ಹೆಂಡ್ತಿ ಸಮುದ್ರ ದಾಟಿದ್ರೂ ನಿಮ್ಮ ಕೈಗೆ ಬ್ರಷ್ ಕೊಟ್ಟೇ ಹೋಗಿದಾಳಲ್ಲ!" ಈಚೆಗೆ ಅವಳ ದನಿ ತಗ್ಗಿತ್ತು. "ತಪ್ಪು ತಿಳ್ಕೋಬೇಡಿ. ಕಟ್ಕೊಂಡ ಗಂಡನ ಹತ್ರ ಮಾತಾಡೋಕೆ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೋಬೇಕಾ? ಬಾಗಿಲಾಚೆ ಯಾರಿದಾರೋ."

ಆ ಮಾತು ಮುಳ್ಳಿನಂತೆ ಒಳಗೇ ಉಳಿದುಬಿಟ್ಟಿತ್ತು. ನಿಜವೇ. ಅವಳು ಆ ಕಿಟಕಿಯಿಲ್ಲದ ಕೋಣೆ ಬಿಟ್ಟು ಬೇರೇನನ್ನೂ ತೋರಿಸಿರಲಿಲ್ಲ. ಹಿಮ ತೋರಿಸು ಎಂದರೆ, "ಅಜ್ಜಿ ಮಲಗಿದಾರೆ, ಇನ್ನೊಂದ್ಸಲ." ಕುತ್ತಿಗೆವರೆಗೆ ಸ್ವೆಟರ್ ಗುಂಡಿ ಹಾಕಿಕೊಂಡಿರುತ್ತಿದ್ದಳು, ಹಣೆಯಿಂದ ಮಾತ್ರ ಬೆವರು ಇಳಿಯುತ್ತಿತ್ತು. ಕೇಳಿದರೆ, ಹೀಟರ್. ಹೋದ ವಾರವಂತೂ, "ಡ್ರಮ್ಮು ತುಂಬಿಸಿಟ್ಕೊಳ್ಳಿ, ನೀರು ನಿಲ್ಲಿಸ್ತಾರಂತೆ" ಎಂದಿದ್ದಳು. ನೀರು ನಿಂತೂ ಹೋಯಿತು. ಇಲ್ಲಿಯ ಸುದ್ದಿ ಅವಳಿಗೆ ಮುಟ್ಟಿಸುವವರು ಯಾರು? ತನಗಲ್ಲದೆ ಇನ್ನು ಯಾರಿಗೆ ಫೋನು ಮಾಡುತ್ತಾಳೆ?

ಮತ್ತೆ ಕೆಮ್ಮು. ಈ ಸಲ ಬಾಗಿಲು ತಟ್ಟುವ ಸದ್ದೂ ಕೇಳಿತು. ಗಂಡಸಿನ ದನಿ ಇಂಗ್ಲಿಷಿನಲ್ಲಿ, ಇನ್ನೂ ಆಗಲಿಲ್ಲವೇ ಎಂದಿತು. ಸೆಕಾಯಿ, "ಆಯ್ತು ಸಾರ್" ಎಂದು ಕೂಗಿ ಹೇಳಿದಳು.

"ಇದೂ ಟೀವೀನಾ?"

"ಅಜ್ಜಿಯ ಮಗ."

"ಬಾಗಿಲು ತೆಗೆ. ನಾನೂ ನೋಡ್ತೀನಿ."

"ಬೇಡ, ಶುಂಬಾ. ನಿಮ್ಮ ಕಾಲಿಗೆ ಬೀಳ್ತೀನಿ."

ಎನಾಕ್ ಬ್ರಷ್ ಕೆಳಗಿಟ್ಟ. "ನೀನು ಬರ್ತೀಯ ಅಂತ ಇದನ್ನ ತಿಕ್ಕಿ ತಿಕ್ಕಿ ಇಟ್ಟಿದೀನಿ. ಬರಲ್ಲ ಅಂದ್ರೆ ಬಾಯಿಬಿಟ್ಟು ಹೇಳಿಬಿಡು, ಸೆಕಾಯಿ."

ಅವಳ ತುಟಿ ಅಲುಗಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಗವಾಕ್ಷಿಯ ಮಬ್ಬು ಬೆಳಕಿನಲ್ಲಿ ಅವನು ಫೋನು ನೋಡಿದ. ತೆರೆ ಪೂರ್ತಿ ಕಪ್ಪು. ಕರೆ ಕಡಿದಿರಲಿಲ್ಲ, ಉಸಿರು ಕೇಳುತ್ತಿತ್ತು. ಮುಖ ಮರೆಸಿಕೊಳ್ಳಲು ಬೆರಳು ಅಡ್ಡ ಹಿಡಿದಿದ್ದಾಳೆ ಎಂದುಕೊಂಡ.

"ಎನಾಕಣ್ಣಾ, ನಿಮ್ಮಲ್ಲೂ ಹೋಯ್ತಾ?" ಗೋಡೆಯಾಚೆಯಿಂದ ಫರಾಯಿಯ ತಾಯಿ ಕೂಗಿದಳು. "ಇಡೀ ಹರಾರೆಗೇ ಇಲ್ವಂತೆ!"

ಎನಾಕ್ ಒದ್ದೆ ನೆಲದ ಮೇಲೇ ಕುಳಿತ. ಕಪ್ಪು ತೆರೆಯೊಳಗೆ ಅವಳು ಅಳುವುದು ಕೇಳುತ್ತಿತ್ತು. ಯಾರವನು ಎಂದು ಮತ್ತೆ ಕೇಳುವ ಧೈರ್ಯ ಬರಲಿಲ್ಲ. ಫೋನು ಇಡುವ ಮನಸ್ಸೂ ಬರಲಿಲ್ಲ. ಇಟ್ಟರೆ ಈ ಮನೆಯಲ್ಲಿ ಇನ್ನೊಂದು ಉಸಿರಿನ ಸದ್ದಿರಲಿಲ್ಲ.

ಬಹಳ ಹೊತ್ತಾದ ಮೇಲೆ ಬೀದಿಯ ಮಕ್ಕಳು ಹೋ ಎಂದು ಕೇಕೆ ಹಾಕಿದರು. ಎನಾಕನ ತಲೆಯ ಮೇಲೆ ಬಲ್ಬು ಹೊತ್ತಿತು.

ಅದೇ ಕ್ಷಣ, ಫೋನಿನೊಳಗೆ ಸೆಕಾಯಿಯ ತಲೆಯ ಮೇಲೂ ಹೊತ್ತಿತು.

ಅವನು ತನ್ನ ಬಲ್ಬನ್ನು ನೋಡಿದ. ಅವಳ ಬಲ್ಬನ್ನು ನೋಡಿದ. ಅವಳು ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡಳು.

"ಪಾಸ್‌ಪೋರ್ಟ್ ತರ್ತೀನಿ ಅಂದ ಏಜೆಂಟು ವಿಮಾನ ನಿಲ್ದಾಣಕ್ಕೆ ಬರಲೇ ಇಲ್ಲ, ಶುಂಬಾ. ಇದೇ ಊರಲ್ಲಿ ಈ ಸಾರ್ ಮನೆಗೆಲಸಕ್ಕೆ ಸೇರ್ಕೊಂಡೆ. ಅಷ್ಟು ಜನ ಹಾಡಿ ಕಳಿಸಿದ್ರು. ಯಾವ ಮುಖ ಹೊತ್ತು ವಾಪಸ್ ಬರಲಿ?"

ಎನಾಕ್ ಎದ್ದು ನಿಂತ. "ಆ ಮನೆಗೆ ಇಲ್ಲಿಂದ ಯಾವ ಬಸ್ಸು ಹತ್ಬೇಕು ಹೇಳು," ಎಂದ.